ಚೌತಿ ಊಟಕ್ಕೆ ಬೇರೆ ಬೇರೆ ನಂಬಿಕೆಯ ಗೆಳೆಯರು: ಹೇಗೆ ಹೊಂದಿಸೋದು?

ಪ್ರಶ್ನೆ: ಗಣೇಶ ಚೌತಿಗೆ ಮೂವರು ಗೆಳೆಯರು ಊಟಕ್ಕೆ ಬರ್ತಿದ್ದಾರೆ. ಒಬ್ಬರು ಮುಸ್ಲಿಂ, ಒಬ್ಬರು ಜೈನರು, ಇನ್ನೊಬ್ಬರು ದೇವರ ನಂಬಿಕೆಯನ್ನೇ ಬಿಟ್ಟವರು. ಯಾರಿಗೂ ಮುಜುಗರ ಆಗಬಾರದು. ಏನೇನು ನೋಡ್ಕೋಬೇಕು?

ಉತ್ತರ 1: ಮೊದಲು ಜೈನ ಗೆಳೆಯರಿಗೆ ಫೋನ್ ಮಾಡಿ. ಜೈನರ ಶ್ವೇತಾಂಬರ ಪಂಗಡದಲ್ಲಿ ಹಲವರಿಗೆ ಸಂವತ್ಸರಿ (ವರ್ಷದ ತಪ್ಪುಗಳಿಗೆ ಕ್ಷಮೆ ಕೇಳೋ ದಿನ) ಚೌತಿಯಂದೇ ಬರುತ್ತೆ, ಉಪವಾಸ ಇರಬಹುದು. ಇನ್ನೊಂದು ಪಂಗಡವಾದ ದಿಗಂಬರರ ವ್ರತದ ದಿನಗಳು, ದಶಲಕ್ಷಣ ಪರ್ವ, ಪಂಚಮಿಯಿಂದ 10 ದಿನ. ಊಟಕ್ಕೆ ಬರೋದಾದರೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಹಸಿಶುಂಠಿ ಬೇಡ. ಒಣಶುಂಠಿ, ಅರಿಶಿನ ಸಾಮಾನ್ಯವಾಗಿ ನಡೆಯುತ್ತೆ. ಎಡವೋದು ಕೋಸಂಬರಿಯಲ್ಲಿ: ಕ್ಯಾರೆಟ್ ಕೂಡ ನೆಲದಡಿ ಬೆಳೆಯೋದು ಅನ್ನೋದು ಮರೆತು, ಅಭ್ಯಾಸಬಲದಿಂದ ತುರಿದು ಹಾಕಿಬಿಡ್ತೇವೆ. ಸೌತೆಕಾಯಿ, ಕಾಯಿತುರಿ ಸಾಕು. ಕಾಯಿಸದ ಮೊಸರನ್ನು ಬೇಳೆ ಜೊತೆ ತಿನ್ನದವರೂ ಇದ್ದಾರೆ, ಕೇಳಿ ಬಡಿಸಿ.

ಉತ್ತರ 2: ದೇವರಿಗೆ ಒಪ್ಪಿಸಿದ್ದನ್ನು ಹಲವು ಮುಸ್ಲಿಮರು ತಿನ್ನಲ್ಲ. ಅದು ನಿಮ್ಮ ಮೇಲಿನ ಬೇಸರ ಅಲ್ಲ, ಅವರ ಏಕದೇವ ನಂಬಿಕೆ. ನೈವೇದ್ಯಕ್ಕೆ 21 ಕಡುಬು ಬೇರೆ ತಟ್ಟೆಗೆ ತೆಗೆದು, ಉಳಿದದ್ದನ್ನು ಅಡುಗೆಮನೆಯಲ್ಲೇ ಮುಚ್ಚಿಡಿ. ಪೂಜೆ ಆದಮೇಲೆ ಪ್ರಸಾದವನ್ನು ದೊಡ್ಡ ಪಾತ್ರೆಗೆ ಬೆರೆಸೋದು ನಮ್ಮಲ್ಲಿ ರೂಢಿ, ಅವತ್ತು ಬೇಡ. ಯಾವುದು ಯಾವುದು ಅಂತ ಬಾಯಿಬಿಟ್ಟು ಹೇಳಿ. ಹೇಳದೆ ತಿನ್ನಿಸೋದು ಸ್ನೇಹಕ್ಕೆ ದ್ರೋಹ. ಶುಕ್ರವಾರ ಬಿದ್ದರೆ ಜುಮಾ ನಮಾಜ್ ಇರುತ್ತೆ, ಊಟ 2 ಗಂಟೆ ಮೇಲಿಟ್ಟುಕೊಳ್ಳಿ.

ಉತ್ತರ 3: ನಂಬಿಕೆ ಬಿಟ್ಟವರ ಮುಖದ ಮುಂದೆ ಮಂಗಳಾರತಿ ತಟ್ಟೆ ಹಿಡಿಯಬೇಡಿ. ಮಣೆ ಮೇಲಿಡಿ, ಬೇಕಾದವರು ತಗೋತಾರೆ. ಪೂಜೆ ಎಷ್ಟು ಹೊತ್ತಿಗೆ, ಊಟ ಎಷ್ಟು ಹೊತ್ತಿಗೆ ಅಂತ ಎರಡನ್ನೂ ತಿಳಿಸಿದರೆ ಯಾವಾಗ ಬರಬೇಕೆಂದು ಅವರೇ ನಿರ್ಧರಿಸ್ತಾರೆ. ‘ಯಾಕಪ್ಪಾ ಕೈ ಮುಗಿಯಲ್ಲ?’ ಅಂತ ಕೇಳದಿರಲು ಮನೆಯ ಹಿರಿಯರಿಗೆ ಹಿಂದಿನ ದಿನವೇ ಹೇಳಿಡಿ.