ಮುಂಗುಸಿಗೂ ಇಂಗ್ಲಿಷಿನ ‘ಮಂಗೂಸ್’ಗೂ ಏನು ನಂಟು?

ಪ್ರಶ್ನೆ (ಸಕಲೇಶಪುರದಿಂದ):
ನಮ್ಮ ಕಾಫಿ ತೋಟದ ಹಳ್ಳದಂಚಿನಲ್ಲಿ ಏಡಿ ಹುಡುಕುತ್ತಿದ್ದ, ಕತ್ತಿನ ಪಕ್ಕದಲ್ಲಿ ಕಪ್ಪು ಪಟ್ಟೆಯಿದ್ದ ದೊಡ್ಡ ಮುಂಗುಸಿಯೊಂದನ್ನು ಮೊನ್ನೆ ಮಗಳಿಗೆ ತೋರಿಸಿದೆ. ‘ಮಂಗೂಸ್’ ಎಂಬುದನ್ನೇ ನಾವು ಕನ್ನಡ ಮಾಡಿಕೊಂಡಿದ್ದೇವೆಯೇ ಎಂದು ಅವಳು ಕೇಳಿದಳು. ಇಂಗ್ಲಿಷಿನ ಸೋಂಕೇ ಇಲ್ಲದ ನಮ್ಮಜ್ಜಿ ಇದನ್ನು ‘ಮುಂಗುರಿ’ ಎನ್ನುತ್ತಿದ್ದರು. ಬಲ್ಲವರು ತಿಳಿಸಬೇಕು.

ಉತ್ತರ (ಹಾಸನದಿಂದ):
ಪದ ಹೋಗಿರುವುದು ಇಲ್ಲಿಂದ ಅಲ್ಲಿಗೆ. ಕನ್ನಡದಲ್ಲಿ ಮುಂಗುಸಿ, ಮುಂಗುರಿ, ಮುಂಗುಲಿ ಎಂದೂ ತೆಲುಗಿನಲ್ಲಿ ಮುಂಗಿಸ ಎಂದೂ ಇರುವ ಈ ದ್ರಾವಿಡ ಪದ ಮರಾಠಿಯಲ್ಲಿ ‘ಮುಂಗೂಸ’ ಆಗಿ, 17ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷ್ ಬರವಣಿಗೆಯನ್ನು ಸೇರಿತು. ಅದರ ಕೊನೆಯಲ್ಲಿ ಕೇಳಿಸುವ ‘ಗೂಸ್’ಗೂ ಹೆಬ್ಬಾತಿಗೂ ಸಂಬಂಧವಿಲ್ಲವಾದ್ದರಿಂದ ಬಹುವಚನವೂ ‘ಮಂಗೀಸ್’ ಆಗದೆ ‘ಮಂಗೂಸಸ್’ ಆಗುತ್ತದೆ. ಸಂಸ್ಕೃತದ ‘ನಕುಲ’ದ ದಾರಿಯೇ ಬೇರೆ, ಹಿಂದಿಯ ‘ನೇವಲಾ’ ಅದರಿಂದ ಹುಟ್ಟಿದ್ದು. ನಿಮ್ಮ ಅಜ್ಜಿಯ ಮಾತೇ ಹಳೆಯದೆಂದು ಮಗಳಿಗೆ ಧೈರ್ಯವಾಗಿ ಹೇಳಿ.

ಉತ್ತರ (ಮೂಡಿಗೆರೆಯಿಂದ):
ಹೆಗ್ಗಣದ ಕಥೆ ಇದಕ್ಕಿಂತ ಸ್ವಾರಸ್ಯವಾಗಿದೆ. ಇಂಗ್ಲಿಷಿನ ‘ಬ್ಯಾಂಡಿಕೂಟ್’ ತೆಲುಗಿನ ‘ಪಂದಿಕೊಕ್ಕು’, ಅಂದರೆ ಹಂದಿಯಂಥ ಇಲಿ. ಹಾಲು ಹಿಂದೆ ‘ಪಾಲ್’ ಆಗಿದ್ದಂತೆ, ಹುಲಿ ‘ಪುಲಿ’ ಆಗಿದ್ದಂತೆ, ನಮ್ಮ ಹಂದಿಯೂ ಹಳಗನ್ನಡದಲ್ಲಿ ‘ಪಂದಿ’. ಕನ್ನಡ ಪಕಾರವನ್ನು ಹಕಾರ ಮಾಡಿಕೊಂಡಿತು, ತೆಲುಗು ಉಳಿಸಿಕೊಂಡಿತು, ಇಂಗ್ಲಿಷಿನವರು ಬಕಾರ ಮಾಡಿಕೊಂಡರು. ಸಾಲದೆಂಬಂತೆ ಆ ಹೆಸರನ್ನು ಆಸ್ಟ್ರೇಲಿಯಾಕ್ಕೂ ಒಯ್ದು, ಹೆಗ್ಗಣದ ಕುಲಕ್ಕೇ ಸೇರದ, ಹೊಟ್ಟೆಚೀಲದಲ್ಲಿ ಮರಿ ಸಾಕುವ ಪ್ರಾಣಿಯೊಂದಕ್ಕೆ ಇಟ್ಟರು. ನಮ್ಮ ಅಟ್ಟದಲ್ಲಿ ಭತ್ತದ ಚೀಲ ಕಡಿಯುವ ಹೆಗ್ಗಣಕ್ಕೆ ಈ ಗೌರವದ ಸುದ್ದಿ ತಿಳಿದಿರಲಾರದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾವಿನ ಮೇಲೆ ಎರಗುವಾಗ ಮುಂದಕ್ಕೆ ಕುಸಿಯುವುದರಿಂದ ‘ಮುಂಗುಸಿ’ ಎಂದು ನಮ್ಮೂರಿನ ಹಿರಿಯರೊಬ್ಬರು ಹೇಳುತ್ತಾರೆ. ಇದನ್ನು ಒಪ್ಪಬಹುದೇ?

ಉತ್ತರ (ಹಾಸನದಿಂದ):
ಕೇಳಲು ಚೆನ್ನಾಗಿದೆ, ಆದರೆ ನಿಲ್ಲುವುದಿಲ್ಲ. ‘ಕುಸಿ’ಯೇ ಮೂಲವಾಗಿದ್ದರೆ ನಿಮ್ಮಜ್ಜಿಯ ‘ಮುಂಗುರಿ’ಗೆ, ಇನ್ನೊಬ್ಬರ ‘ಮುಂಗುಲಿ’ಗೆ ಏನು ಹೇಳೋಣ? ಕೊನೆಯ ಅಕ್ಷರ ಊರಿಂದೂರಿಗೆ ಬದಲಾದರೂ ‘ಮುಂಗ್’ ಎಂಬ ಭಾಗ ಮಾತ್ರ ಕದಲುವುದಿಲ್ಲ. ಕನ್ನಡ, ತೆಲುಗು ಎರಡರಲ್ಲೂ ಈ ಪ್ರಾಣಿಗೆ ಬರಿಯ ‘ಮುಂಗಿ’ ಎಂಬ ಹೆಸರೂ ಇದೆ.