ಹೆಸರು ಬದಲಿಸಿ ಮಾರಿದ ತಂತ್ರಾಂಶಕ್ಕೆ ನಾವ್ಯಾಕೆ ಸಹಾಯ ಮಾಡಬೇಕು?

ಭದ್ರಾ ನಾಲೆ (ದಾವಣಗೆರೆ):
ಪತ್ರ, ಲೆಕ್ಕ ಬರೆಯುವ ಪುಕ್ಕಟೆ ತಂತ್ರಾಂಶ ಲಿಬ್ರೆಆಫೀಸ್ ಬಗ್ಗೆ ಕನ್ನಡದಲ್ಲಿ ಯಾರು ಏನೇ ಕೇಳಿದರೂ ನಾವು ನಾಲ್ಕಾರು ಜನ ಇಲ್ಲಿ ಉತ್ತರ ಕೊಡುತ್ತೇವೆ. ದುಡ್ಡಿಗಲ್ಲ, ಕನ್ನಡದಲ್ಲಿ ಕೆಲಸ ನಡೆಯಲಿ ಅಂತ. ಆದರೆ ಒಂದು ಮಾತು ಇವತ್ತು ಇತ್ಯರ್ಥ ಆಗಬೇಕು. ಜಗಳೂರು ಕಡೆಯ ಶಾಲೆಯ ಮೇಡಂ ಒಬ್ಬರು, ಪ್ರಶ್ನೆಪತ್ರಿಕೆಯನ್ನು ಪಿಡಿಎಫ್ ಮಾಡಿದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬರುತ್ತಿದೆ ಅಂತ ಕೇಳಿದ್ದರು. ಪ್ರಶ್ನೆಪತ್ರಿಕೆ ಆದ್ದರಿಂದ ಫೈಲ್ ಕಳಿಸುವ ಹಾಗಿಲ್ಲ. ನಾವೇ ಅಂಥದ್ದೊಂದು ಫೈಲ್ ಮಾಡಿ ಎಲ್ಲರ ಕಂಪ್ಯೂಟರಿನಲ್ಲೂ ನೋಡಿದೆವು, ಯಾರಿಗೂ ಆ ತೊಂದರೆ ಬರಲಿಲ್ಲ. ಫಾಂಟ್ ಬದಲಿಸಿ ಅಂದೆವು, ಸೆಟ್ಟಿಂಗ್ ಅಳಿಸಿ ಅಂದೆವು. ಕೊನೆಗೆ ಟಾಸ್ಕ್ ಮ್ಯಾನೇಜರ್ (ಯಾವ ತಂತ್ರಾಂಶ ಓಡುತ್ತಿದೆ ಅಂತ ತೋರಿಸುವ ಕಿಟಕಿ) ತೆರೆದು ಫೋಟೊ ಕಳಿಸಿ ಅಂದಾಗ ಗೊತ್ತಾಯಿತು. ಮೇಲೆ ಯಾವುದೋ ಹೊಸ ಹೆಸರು, ಹೊಸ ಲೋಗೊ. ಒಳಗೆ ಓಡುತ್ತಿರುವುದು ಲಿಬ್ರೆಆಫೀಸ್ ಓಡಿಸುವ ಫೈಲು, ‘ಎಸ್‌ಆಫೀಸ್ ಡಾಟ್ ಬಿನ್’. ಅದರ ಪ್ರಾಪರ್ಟೀಸ್ ನೋಡಿದರೆ ಆವೃತ್ತಿ 4.4, ಅಂದರೆ 2015ರ ಲಿಬ್ರೆಆಫೀಸ್! ಯಾರೋ ಅದಕ್ಕೆ ಬೇರೆ ಹೆಸರಿಟ್ಟು, ಬಿಲ್ ಹಾಕಿ, ಶಾಲೆಗೆ ಮಾರಿದ್ದಾರೆ. ಇಂಥವರ ಗಿರಾಕಿಗಳಿಗೆ ನಾವು ಚಾಕರಿ ಮಾಡಬೇಕಾ? ಬೇಡ ಅಂತ ನನ್ನ ಮಾತು.

ಕೋಟೆನಾಡು (ಚಿತ್ರದುರ್ಗ):
ಅಣ್ಣ, ಸಿಟ್ಟು ಅರ್ಥ ಆಗುತ್ತದೆ. ಆದರೆ ಮಾರಿದವನ ಮೇಲಿನ ಸಿಟ್ಟನ್ನು ಮೇಡಂ ಮೇಲೆ ಯಾಕೆ ತೀರಿಸುತ್ತೀರಿ? ಅವರು ಕೇಳಿದ್ದು ಕನ್ನಡ ಸರಿಯಾಗಿ ಅಚ್ಚಾಗಲಿ ಅಂತ. ಇನ್ನೊಂದು ಮಾತು. ಹೆಸರು ಬದಲಿಸುವುದೇ ತಪ್ಪು ಅಂದರೆ ಲಿಬ್ರೆಆಫೀಸ್ ಏನು? ಜರ್ಮನಿಯ ಸ್ಟಾರ್‌ಆಫೀಸ್ ಅನ್ನು 1999ರಲ್ಲಿ ಸನ್ ಕಂಪನಿ ಕೊಂಡಿತು, 2000ದಲ್ಲಿ ಅದರ ಮೂಲಸಂಕೇತವನ್ನು (ಸೋರ್ಸ್ ಕೋಡ್) ಎಲ್ಲರಿಗೂ ಬಿಟ್ಟುಕೊಟ್ಟಿತು, ಅದು ಓಪನ್‌ಆಫೀಸ್ ಆಯಿತು. 2010ರಲ್ಲಿ ಅದರಿಂದ ಒಡೆದು ಬಂದದ್ದೇ ಲಿಬ್ರೆಆಫೀಸ್. ನೀವು ಹಿಡಿದುಕೊಟ್ಟ ಆ ‘ಎಸ್‌ಆಫೀಸ್’ ಕೂಡ ಸ್ಟಾರ್‌ಆಫೀಸ್ ಕಾಲದ ಹೆಸರೇ ಅಲ್ವಾ?

ಒತ್ತಕ್ಷರ (ಹರಿಹರ):
ಒಳ್ಳೆ ಪ್ರಶ್ನೆ, ಆದರೆ ಅದೇ ಉದಾಹರಣೆ ನಿಮ್ಮ ಮಾತಿಗೆ ಎದುರಾಗಿ ನಿಲ್ಲುತ್ತದೆ. 2010ರಲ್ಲಿ ಒಡೆದು ಬಂದವರು ಹೆಸರನ್ನು ಮಾತ್ರ ಬದಲಿಸಲಿಲ್ಲ. ಡಾಕ್ಯುಮೆಂಟ್ ಫೌಂಡೇಶನ್ ಅನ್ನುವ ಸಂಸ್ಥೆ ಕಟ್ಟಿದರು, ದೋಷ ಹೇಳಿಕೊಳ್ಳಲು ಬೇರೆ ಜಾಗ ಮಾಡಿದರು, ಆವೃತ್ತಿ ಮೇಲೆ ಆವೃತ್ತಿ ತಂದರು. ನಮ್ಮ ಬಳಕೆದಾರರನ್ನು ನೀವು ನೋಡಿಕೊಳ್ಳಿ ಅಂತ ಹಳಬರ ಬಾಗಿಲಿಗೆ ಕಳಿಸಲಿಲ್ಲ. ವಿಂಡೋಸ್ ಥರದ್ದೇ ಲಿನಕ್ಸ್ ಅನ್ನು ಹಂಚುವ ಡೆಬಿಯನ್‌ನವರೂ ಹಾಗೇ ಮಾಡಿದರು. ಟ್ರೇಡ್‌ಮಾರ್ಕ್ ಜಗಳದಿಂದ 2006ರಲ್ಲಿ ಮೊಜಿಲ್ಲಾದ ಬ್ರೌಸರ್ ಫೈರ್‌ಫಾಕ್ಸ್‌ಗೆ ಐಸ್‌ವೀಸಲ್ ಅಂತ ಹೆಸರಿಟ್ಟರು, 2016ರವರೆಗೆ ಅದೇ ಹೆಸರಿನಲ್ಲಿ ನಡೆಸಿದರು, ಅದರ ದೂರುಗಳನ್ನು ತಾವೇ ತೆಗೆದುಕೊಂಡರು. ಹೆಸರು ಬದಲಿಸುವುದು ತಪ್ಪಲ್ಲ. ಬದಲಿಸಿದ ಮೇಲೆ ಹೊಣೆ ಹೊರಬೇಕು.

ಈ ಒತ್ತಕ್ಷರದ ಕೇಸನ್ನೇ ನೋಡಿ. 2017ರಲ್ಲಿ ಬಂದ ಲಿಬ್ರೆಆಫೀಸ್ 5.3ನೇ ಆವೃತ್ತಿಯಿಂದ ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲ ಕಡೆ ಅಕ್ಷರ ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್ ಅನ್ನುವ ತಂತ್ರಾಂಶ ಒಂದೇ ಮಾಡುತ್ತದೆ. ಅದಕ್ಕೂ ಮುಂಚೆ ಒಂದೊಂದು ಕಡೆ ಒಂದೊಂದು ಏರ್ಪಾಡು. ಮಾರಿದವರು ಪರದೆಯ ಮೇಲೆ ಕಾಣುವ ಆವೃತ್ತಿಯ ಸಂಖ್ಯೆಯನ್ನೇ ಅಳಿಸಿ ‘2024 ಎಡಿಷನ್’ ಅಂತ ಬರೆದಿದ್ದಾರೆ. ನಾವು ಇವತ್ತಿನ ಆವೃತ್ತಿ ಇಟ್ಟುಕೊಂಡು ಹುಡುಕಿದರೆ ಆ ದೋಷ ಸಿಗುವುದಾದರೂ ಹೇಗೆ? ಜೊತೆಗೆ ಅವರು ಒಳಗೆ ಇನ್ನೇನು ಬದಲಿಸಿದ್ದಾರೋ ಯಾರಿಗೂ ತಿಳಿಯದು.

ಸರ್ವೀಸ್ ಅಂಗಡಿ (ಪಿ.ಬಿ. ರಸ್ತೆ):
ನಾನೂ ಲಿಬ್ರೆಆಫೀಸ್ ಹಾಕಿಕೊಟ್ಟು ಇನ್‌ಸ್ಟಾಲೇಷನ್ ಚಾರ್ಜ್ ತೆಗೆದುಕೊಳ್ಳುತ್ತೇನೆ. ಹಾಗಂತ ನಾನು ಕಳ್ಳನಾ? ಲೈಸೆನ್ಸ್‌ನಲ್ಲೇ ಮಾರಬಹುದು ಅಂತಿದೆ. ನನ್ನ ಗಿರಾಕಿಗೆ ತೊಂದರೆ ಆದರೆ ಬೈಕ್ ಹತ್ತಿ ಹರಪನಹಳ್ಳಿ ತನಕ ಹೋಗಿ ಸರಿಮಾಡಿ ಬಂದಿದ್ದೇನೆ. ದುಡ್ಡು ತೆಗೆದುಕೊಂಡವರನ್ನೆಲ್ಲ ಒಂದೇ ತಕ್ಕಡಿಗೆ ಹಾಕಬೇಡಿ.

ಭದ್ರಾ ನಾಲೆ:
ಸರ್, ನಿಮ್ಮಂಥವರಿಂದಲೇ ಇದು ನಾಲ್ಕು ಜನಕ್ಕೆ ತಲುಪುತ್ತಿದೆ, ನಿಮಗೆ ಹೇಳಿದ ಮಾತಲ್ಲ ಇದು. ಲಿಬ್ರೆಆಫೀಸ್‌ನ ಲೈಸೆನ್ಸ್ ಮೊಜಿಲ್ಲಾ ಪಬ್ಲಿಕ್ ಲೈಸೆನ್ಸ್ 2.0. ಅದರ 3.5ನೇ ಕಲಮು ಓದಿ. ವಾರಂಟಿ, ಸಪೋರ್ಟ್ ಅಂತ ದುಡ್ಡು ತೆಗೆದುಕೊಳ್ಳಬಹುದು, ಆದರೆ ಅದು ನಿಮ್ಮ ಹೆಸರಿನಲ್ಲಿ ಮಾತ್ರ, ತಂತ್ರಾಂಶ ಬರೆದವರ ಪರವಾಗಿ ಅಲ್ಲ. ಈ ಸಪೋರ್ಟ್ ಕೊಡುತ್ತಿರುವುದು ನಾನೊಬ್ಬನೇ ಅಂತ ಗಿರಾಕಿಗೆ ಸ್ಪಷ್ಟವಾಗಿ ಹೇಳಲೂ ಬೇಕು. ಮೂಲಸಂಕೇತ ಎಲ್ಲಿ ಸಿಗುತ್ತದೆ ಅನ್ನುವುದನ್ನೂ ತಿಳಿಸಬೇಕು. ನೀವು ಹರಪನಹಳ್ಳಿಗೆ ಹೋಗಿ ಮಾಡಿದ್ದು ಸರಿಯಾದ ವ್ಯಾಪಾರ. ಈ ಪುಣ್ಯಾತ್ಮರು ಮಾಡಿದ್ದು ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಜಗಳೂರು ಟೀಚರ್:
ನಾನೇ ಆ ಪ್ರಶ್ನೆ ಕೇಳಿದವಳು. ಎಲ್ಲರ ಮಾತೂ ಓದಿದೆ. ನಮ್ಮ ಬಿಲ್‌ನಲ್ಲಿ ‘1 ವರ್ಷ ಸಪೋರ್ಟ್’ ಅಂತ ಬರೆದಿದ್ದಾರೆ. ಫೋನ್ ಮಾಡಿದರೆ, ಇದು ಇಂಟರ್‌ನ್ಯಾಷನಲ್ ಸಾಫ್ಟ್‌ವೇರ್ ಮೇಡಂ, ನಮ್ಮ ಕೈಲಿಲ್ಲ, ಆನ್‌ಲೈನ್‌ನಲ್ಲಿ ಕೇಳಿ ಅಂದರು. ಅದಕ್ಕೇ ಇಲ್ಲಿಗೆ ಬಂದೆ. ಇದು ಪುಕ್ಕಟೆ ಸಿಗುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ಹೆಸರು ಬೇರೆ, ಚಿತ್ರ ಬೇರೆ, ನನ್ನಂಥವರಿಗೆ ತಿಳಿಯುವುದು ಹೇಗೆ ಹೇಳಿ? ನೀವು ಕಳಿಸಿದ ಲಿಂಕ್‌ನಿಂದ ಹೊಸದನ್ನು ಹಾಕಿಕೊಂಡೆ. ಅದೇ ಫೈಲು, ಒತ್ತಕ್ಷರ ಸರಿಯಾಗಿ ಬಂತು. ಹೆಡ್‌ಮಾಸ್ಟರಿಗೆ ತೋರಿಸಿದ್ದೇನೆ, ದುಡ್ಡು ವಾಪಸ್ ಕೇಳುತ್ತೇವೆ ಅಂದಿದ್ದಾರೆ.

ಕೋಟೆನಾಡು:
ನೋಡಿದಿರಾ? ಬಾಗಿಲು ಹಾಕಿದ್ದರೆ ಮೇಡಂಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಅವರು ಇನ್ನೊಮ್ಮೆ ದುಡ್ಡು ಕೊಟ್ಟು ಅದೇ ಹಳೇ ಸರಕನ್ನು ರಿನ್ಯೂ ಮಾಡಿಸುತ್ತಿದ್ದರು. ಸಹಾಯ ಮಾಡದೇ ಇದ್ದರೆ ಮಾರಿದವನು ನಷ್ಟ ಪಡುವುದಿಲ್ಲ. ಲಿಬ್ರೆಆಫೀಸ್‌ನಲ್ಲಿ ಕನ್ನಡ ಬರಲ್ಲ ಅನ್ನುವ ಕೆಟ್ಟ ಹೆಸರು ನಮಗೇ.

ಒತ್ತಕ್ಷರ:
ಅಲ್ಲಿ ನಾನೂ ಒಪ್ಪುತ್ತೇನೆ. ಮೇಡಂಗೆ ಅಸಲಿಯನ್ನು ಕೊಟ್ಟೆವು, ಅದು ಸರಿಯಾದದ್ದೇ. ನಾನು ಬೇಡ ಅನ್ನುತ್ತಿರುವುದು ನಕಲಿನ ರಿಪೇರಿ. 2025ರ ಫೆಬ್ರವರಿಯಲ್ಲಿ ವಿಡಿಯೊ ರೆಕಾರ್ಡ್ ಮಾಡುವ ತಂತ್ರಾಂಶ ಓಬಿಎಸ್‌ನವರಿಗೂ ಇದೇ ಪಾಡು. ಲಿನಕ್ಸ್ ಹಂಚುವ ಫೆಡೋರಾದವರು ಓಬಿಎಸ್ ಸ್ಟುಡಿಯೋವನ್ನು ತಾವೇ ಬೇರೆಯಾಗಿ ಕಟ್ಟಿ ಹಂಚಿದರು, ಅದು ಸರಿಯಾಗಿ ಓಡಲಿಲ್ಲ, ಜನ ಹೋಗಿ ದೂರಿದ್ದು ಮೂಲದವರ ಹತ್ತಿರ. ಅಲ್ಲಿ ಹೆಸರೂ ಬದಲಾಗಿರಲಿಲ್ಲ. ಕಾನೂನು ಕ್ರಮದ ಮಾತಿನ ತನಕ ಹೋಗಿ ಆಮೇಲೆ ಬಗೆಹರಿಯಿತು. ಆರ್ಚ್ ಲಿನಕ್ಸ್‌ನವರಂತೂ ತಮ್ಮದರ ಮೇಲೇ ಕಟ್ಟಿದ ಮಂಜಾರೋ ಬಳಸುವವರು ಬಂದರೆ ನಿಮ್ಮ ಜಾಗದಲ್ಲೇ ಕೇಳಿ ಅಂತ ನೇರವಾಗಿ ಹೇಳುತ್ತಾರೆ. ಕಟುವಾಗಿ ಕಾಣುತ್ತದೆ, ಆದರೆ ಸಂಜೆ ಸಿಗುವ ಒಂದೆರಡು ಗಂಟೆ ಎಲ್ಲಿ ಹೋಗಬೇಕು ಅನ್ನುವುದು ಅವರಿಗೆ ಗೊತ್ತಿದೆ. ನಮ್ಮಲ್ಲಿ ಕನ್ನಡ ಅನುವಾದದ ಕೆಲಸವೇ ರಾಶಿ ಬಿದ್ದಿದೆ.

ಭದ್ರಾ ನಾಲೆ:
ಹಾಗಾದರೆ ಹೀಗೆ ಮಾಡೋಣ. ಯಾರೇ ಬಂದರೂ ಮೊದಲು ಸಹಾಯ ಮೆನುವಿನ ‘ಬಗ್ಗೆ’ ಕಿಟಕಿಯ ಫೋಟೊ ಕೇಳೋಣ. ಹೆಸರು ಬೇರೆ ಇದ್ದರೆ ಏನಾಗಿದೆ ಅಂತ ಬಿಡಿಸಿ ಹೇಳೋಣ, ಅಸಲಿ ಹಾಕಿಕೊಳ್ಳಲು ಜೊತೆಗಿರೋಣ, ಬಿಲ್ ಹಿಡಿದು ಮಾರಿದವರನ್ನು ಕೇಳಿ ಅನ್ನೋಣ. ನಕಲಿನ ದೋಷ ಹುಡುಕುತ್ತಾ ಕೂರುವುದು ಬೇಡ.

ಕೋಟೆನಾಡು:
ನಾಳೆ ಬೆಳಿಗ್ಗೆ ಪರೀಕ್ಷೆ, ಹಳ್ಳಿಯಲ್ಲಿ ನೆಟ್ ಇಲ್ಲ, ಹೊಸದನ್ನು ಇಳಿಸಿಕೊಳ್ಳಲು ಆಗಲ್ಲ ಅಂತ ಯಾರಾದರೂ ಕೇಳಿದರೆ?

ಭದ್ರಾ ನಾಲೆ:
ಅವತ್ತು ಇದ್ದದ್ದರಲ್ಲೇ ದಾರಿ ಹುಡುಕಿ ಕೊಡುತ್ತೇನೆ, ಅದಕ್ಕೆ ನಿಯಮ ಅಡ್ಡ ಬರಲ್ಲ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆದುಹಾಕಿಸುತ್ತೇನೆ.

ಸರ್ವೀಸ್ ಅಂಗಡಿ:
ಜಗಳೂರು, ಹರಿಹರ, ಚನ್ನಗಿರಿ ಕಡೆ ಶಾಲೆಗಳಿದ್ದರೆ ನನಗೆ ಹೇಳಿ. ಪೆನ್‌ಡ್ರೈವ್‌ನಲ್ಲಿ ಅಸಲಿ ತಂದು ಹಾಕಿಕೊಡುತ್ತೇನೆ. ಶಾಲೆಗಳಿಗೆ ಚಾರ್ಜ್ ಬೇಡ.