ಗಡಿ ಮನೆಯಲ್ಲಿ ಅಪ್ಪನ ಫೋನಿಗೆ ಕರೆ ಬರುವುದಿಲ್ಲ: ವೈಫೈ ಮೊದಲು, ಕೇರಳದ ಟವರ್ ಆಮೇಲೆ ಅಂತ ಇಡುವುದು ಹೇಗೆ?

ಪೆರ್ಲದ ಮನೆ:
ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಅಡ್ಕಸ್ಥಳಕ್ಕೆ ಹೋಗುವ ದಾರಿಯಲ್ಲಿ, ಗುಡ್ಡದ ಬದಿಗೆ. ಅಪ್ಪನ ಸಿಮ್ ಕೇರಳದ್ದು, ಫೋನ್ 5ಜಿ. ಆದರೆ ಮನೆಯೊಳಗೆ ಅದು ಹೆಚ್ಚಿನ ಹೊತ್ತು ಆಚೆ ಕಡೆಯ ಕರ್ನಾಟಕದ ಟವರ್ ಹಿಡಿದುಕೊಂಡು ರೋಮಿಂಗ್ ತೋರಿಸುತ್ತದೆ, ಒಂದು ಕಡ್ಡಿ ಸಿಗ್ನಲ್, ಕೆಲವೊಮ್ಮೆ ಅದೂ ಇಲ್ಲ. ರೋಮಿಂಗ್‌ಗೆ ಈಗ ದುಡ್ಡು ಹೋಗುವುದಿಲ್ಲ, ನನ್ನ ಚಿಂತೆ ಅದಲ್ಲ. ನಾನು ಮಂಗಳೂರಿನಿಂದ ಮಾಡಿದರೆ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಅಂತ ಬರುತ್ತದೆ. ಅಪ್ಪ ಹೃದಯದ ಮಾತ್ರೆ ತಗೊಳ್ಳುವವರು, ಜೊತೆಗಿರುವುದು ಅಮ್ಮ ಒಬ್ಬರೇ. ಮನೆಯಲ್ಲಿ ಫೈಬರ್ ಉಂಟು, ವೈಫೈ ಕಾಲಿಂಗ್ (ಟವರಿನ ಬದಲು ವೈಫೈ ಮೂಲಕ ಕರೆ) ಆನ್ ಮಾಡಿಟ್ಟಿದ್ದೇನೆ, ಆದರೂ ಹೀಗೆ.

ಇನ್ನೊಂದು ವಿಷಯ. 2025ರಲ್ಲಿ ಮಧೂರು ದೇವಸ್ಥಾನದ ಮೂಡಪ್ಪ ಸೇವೆಯ ಜನಜಾತ್ರೆಗೆ ಹೋದಾಗ ಕಡ್ಡಿ ಪೂರ್ತಿ ಇತ್ತು, ಮನೆಗೆ ಒಂದು ಕರೆಯೂ ಹೋಗಲಿಲ್ಲ. ಅಪ್ಪನ ನಂಬರಿಗೆ ನೆಟ್‌ವರ್ಕಿನಲ್ಲೇ ಆದ್ಯತೆ ಸಿಗುವ ಹಾಗೆ ಮಾಡಬಹುದಾ? ವಾಟ್ಸಾಪಿನಲ್ಲಿ ಅದಕ್ಕೆ ಒಂದು ಕೋಡ್ ಬಂದಿತ್ತು. ಒತ್ತಿಲ್ಲ.

ಬಾಯಾರಿನಿಂದ:
5ಜಿ ತೆಗೆದು 4ಜಿಗೆ ಹಾಕಿ ನೋಡಿ. ನಮ್ಮಲ್ಲಿ ಅಷ್ಟರಲ್ಲೇ ಸರಿಯಾಯಿತು. ಆದರೆ ‘4ಜಿ ಮಾತ್ರ’ ಅಂತ ಇಡುವುದಾದರೆ ವೋಲ್ಟಿ (4ಜಿಯಲ್ಲೇ ಕರೆ ಹೋಗುವ ವ್ಯವಸ್ಥೆ) ಆನ್ ಇರಲೇಬೇಕು. ಇಲ್ಲದಿದ್ದರೆ ಇಂಟರ್ನೆಟ್ ಇರುತ್ತದೆ, ಕರೆ ಬರುವುದಿಲ್ಲ.

ಕುಂಬಳೆ ಟವರ್ ಕೆಲಸದವ:
ಮೊದಲು ಒಂದು ಪರೀಕ್ಷೆ ಮಾಡಿ. ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ವೈಫೈ ಮಾತ್ರ ಆನ್ ಮಾಡಿ, ಬೇರೆ ಫೋನಿಂದ ಅಪ್ಪನಿಗೆ ಕರೆ ಮಾಡಿ. ಬಂದರೆ ವೈಫೈ ಕಾಲಿಂಗ್ ಸರಿಯಾಗಿಯೇ ಇದೆ, ತಪ್ಪಿರುವುದು ಸರದಿ ಅಂತ ಅರ್ಥ. ಸುಮಾರು ಫೋನ್‌ಗಳಲ್ಲಿ ವೈಫೈ ಕಾಲಿಂಗ್ ಆನ್ ಮಾಡಿದರೂ ಒಳಗೆ ‘ಮೊಬೈಲ್ ನೆಟ್‌ವರ್ಕಿಗೆ ಆದ್ಯತೆ’ ಅಂತಲೇ ಇರುತ್ತದೆ. ಹಾಗಿದ್ದರೆ ಒಂದು ಕಡ್ಡಿ ಸಿಕ್ಕಿದ ಕೂಡಲೇ ಫೋನ್ ವೈಫೈ ಬಿಟ್ಟು ಟವರಿಗೆ ಹೋಗುತ್ತದೆ, ಆ ಕಡ್ಡಿ ಹೋದರೆ ಮತ್ತೆ ವಾಪಸ್ ಬರುತ್ತದೆ, ಈ ಓಡಾಟದ ನಡುವೆ ನಿಮ್ಮ ಕರೆ ಬಿದ್ದು ಹೋಗುತ್ತದೆ. ಅದನ್ನು ‘ವೈಫೈಗೆ ಆದ್ಯತೆ’ ಮಾಡಿ.

ಇನ್ನು ಕರ್ನಾಟಕದ ಟವರ್. ಒಂದೇ ಕಂಪನಿಯಾದರೂ ಫೋನಿಗೆ ಕೇರಳ ಬೇರೆ, ಕರ್ನಾಟಕ ಬೇರೆ. ಉದಾಹರಣೆಗೆ ಬಿಎಸ್ಎನ್ಎಲ್ ಕೇರಳದ ನೆಟ್‌ವರ್ಕ್ ಕೋಡ್ 404 72, ಕರ್ನಾಟಕದ್ದು 404 71. ರೋಮಿಂಗ್‌ನಲ್ಲಿರುವ ಫೋನ್ ತನ್ನ ಸ್ವಂತ ನೆಟ್‌ವರ್ಕನ್ನು (ಇಲ್ಲಿ ಕೇರಳದ್ದು) ಎಡೆಬಿಡದೆ ಹುಡುಕುವುದಿಲ್ಲ, ಆಗಾಗ ಮಾತ್ರ ಹುಡುಕುತ್ತದೆ. ಆ ಅಂತರ ಸಿಮ್ಮಿನಲ್ಲೇ ಬರೆದಿರುತ್ತದೆ. 6 ನಿಮಿಷದಿಂದ 8 ಗಂಟೆವರೆಗೂ ಇರಬಹುದು, ಏನೂ ಬರೆದಿಲ್ಲದಿದ್ದರೆ 60 ನಿಮಿಷ. ನಿಮ್ಮಲ್ಲಿ ಫೋನ್ ಹೆಚ್ಚಿನ ಹೊತ್ತು ಕರ್ನಾಟಕದ ಟವರಿಗೇ ಅಂಟಿಕೊಂಡಿರುತ್ತದೆ ಅಲ್ವಾ, ಅದಕ್ಕೆ ಇದೇ ಕಾರಣ ಇರಬಹುದು. ನೆಟ್‌ವರ್ಕ್ ಆಯ್ಕೆಯಲ್ಲಿ ‘ಆಟೋಮ್ಯಾಟಿಕ್’ ತೆಗೆದು ಪಟ್ಟಿಯಿಂದ ಕೇರಳದ್ದನ್ನು ನೀವೇ ಆರಿಸಿ. ಆದರೆ ಎಚ್ಚರ, ಹಾಗೆ ಇಟ್ಟರೆ ಗಡಿ ದಾಟಿದಾಗ ಫೋನ್ ಬೇರೆ ಟವರ್ ಹಿಡಿಯದೆ ಸುಮ್ನೆ ಕೂರಬಹುದು. ಅಪ್ಪ ಆಚೆ ಹೋಗುವವರಾದರೆ ಇದು ಬೇಡ.

ಜಾತ್ರೆಯ ವಿಷಯ ಬೇರೆಯೇ. ಕಡ್ಡಿ ಹೇಳುವುದು ಟವರಿನ ದನಿ ನಿಮಗೆ ಎಷ್ಟು ಜೋರಾಗಿ ಕೇಳುತ್ತದೆ ಅಂತ ಮಾತ್ರ, ಒಳಗೆ ಜಾಗ ಉಂಟಾ ಅಂತ ಅಲ್ಲ. ಜನ ಜಾಸ್ತಿಯಾದಾಗ ಟವರ್ ಬಾಗಿಲು ಸ್ವಲ್ಪ ಮುಚ್ಚಬಹುದು. 4ಜಿಯಲ್ಲಿ ಆಗ ಪ್ರತಿ ಫೋನ್ ಒಳಗೆ ಹೋಗುವ ಮೊದಲು ಚೀಟಿ ಎತ್ತಿದ ಹಾಗೆ ಒಂದು ಸಂಖ್ಯೆ ಎತ್ತುತ್ತದೆ. ತಪ್ಪಿದರೆ ಸ್ವಲ್ಪ ಹೊತ್ತು ಕಾಯಲೇಬೇಕು, ಟವರ್ ಹೇಳುವ ಆ ಕಾಯುವ ಸಮಯ 4 ಸೆಕೆಂಡಿನಿಂದ 512 ಸೆಕೆಂಡಿನವರೆಗೆ ಇರಬಹುದು. ಅಷ್ಟರೊಳಗೆ ಮತ್ತೆ ಮತ್ತೆ ಒತ್ತಿ ಪ್ರಯೋಜನವಿಲ್ಲ. ನೀವು ಕೇಳಿದ ಆದ್ಯತೆ ಇರುವುದು ಸಿಮ್ಮಿನಲ್ಲಿ, ಪ್ರತಿ ಸಿಮ್ಮಿಗೂ ಒಂದು ಪ್ರವೇಶ ವರ್ಗ ಇರುತ್ತದೆ. ನಮಗೆಲ್ಲ 0ಯಿಂದ 9ರೊಳಗೆ ಒಂದು. 11ರಿಂದ 15 ಬೇರೆಯವರಿಗೆ: ಭದ್ರತಾ ಪಡೆ, ತುರ್ತು ಸೇವೆ, ನೀರು ಸರಬರಾಜಿನಂಥ ಸೇವೆ, ಕಂಪನಿಯ ಸಿಬ್ಬಂದಿ. ಸಿಮ್ ತಯಾರಿಸುವಾಗಲೇ ಅದನ್ನು ಬರೆದಿರುತ್ತಾರೆ. ಫೋನಿನಲ್ಲಿ ಏನು ಒತ್ತಿದರೂ ಅದು ಬದಲಾಗುವುದಿಲ್ಲ, ಹಾಗಾಗಿ ಆ ವಾಟ್ಸಾಪ್ ಕೋಡ್ ಅಳಿಸಿಬಿಡಿ. ತುರ್ತು ಕರೆಗೆ ಮಾತ್ರ ಪ್ರತ್ಯೇಕ ಬಾಗಿಲು ಉಂಟು. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ 112 ಒತ್ತಿದರೆ ಫೋನ್ ಸಿಕ್ಕಿದ ಬೇರೆ ನೆಟ್‌ವರ್ಕಿನಲ್ಲಿ ಹೋಗಲು ನೋಡುತ್ತದೆ. ಇದನ್ನು ಅಮ್ಮನಿಗೆ ಖಂಡಿತ ಹೇಳಿಕೊಡಿ.

ಪೆರ್ಲದ ಮನೆ:
ಶನಿವಾರ ಊರಿಗೆ ಹೋಗಿ ಎಲ್ಲ ಮಾಡಿದೆ. ಏರೋಪ್ಲೇನ್ ಮೋಡಿನಲ್ಲಿ ಕರೆ ಸರಿಯಾಗಿ ಬಂತು! ಒಳಗೆ ನೋಡಿದರೆ ನೀವು ಹೇಳಿದ ಹಾಗೆ ಮೊಬೈಲಿಗೇ ಆದ್ಯತೆ ಇತ್ತು. ಬದಲಾಯಿಸಿದ ಮೇಲೆ ಎರಡು ದಿನದಲ್ಲಿ ಒಂದು ಕರೆಯೂ ತಪ್ಪಲಿಲ್ಲ. ಅಪ್ಪ ಆಸ್ಪತ್ರೆಗೆ ಪುತ್ತೂರಿಗೆ ಹೋಗುವವರು, ಹಾಗಾಗಿ ನೆಟ್‌ವರ್ಕ್ ಆಯ್ಕೆ ಆಟೋಮ್ಯಾಟಿಕ್ಕಿನಲ್ಲೇ ಬಿಟ್ಟೆ. ಆದರೆ ಭಾನುವಾರ ಸಂಜೆ ಗಾಳಿಮಳೆಗೆ ಕರೆಂಟ್ ಹೋಯಿತು, ವೈಫೈ ಹೋಯಿತು, ಫೋನ್ ಮತ್ತೆ ಆ ಒಂದು ಕಡ್ಡಿಗೆ ಬಂತು.

ಬದಿಯಡ್ಕ ವಯರಿಂಗ್:
ರೂಟರಿಗೆಂದೇ ಸಣ್ಣ 12 ವೋಲ್ಟ್ ಯುಪಿಎಸ್ ಸಿಗುತ್ತದೆ. ತರುವ ಮೊದಲು ನಿಮ್ಮ ಅಡಾಪ್ಟರಿನಲ್ಲಿ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಬರೆದಿದೆ ನೋಡಿ. ಫೈಬರ್ ಪೆಟ್ಟಿಗೆ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಕೊಡಬೇಕು, ಒಂದಕ್ಕೆ ಮಾತ್ರ ಕೊಟ್ಟು ನೆಟ್ ಬರುವುದಿಲ್ಲ ಅನ್ನುವವರನ್ನು ಪ್ರತಿ ಮಳೆಗಾಲ ನೋಡುತ್ತೇನೆ. ಕೇಬಲಿನವರ ಕಡೆಯೂ ಬ್ಯಾಟರಿ ಉಂಟಾ ಅಂತ ಕೇಳಿಕೊಳ್ಳಿ.

ಪೆರ್ಲದ ಮನೆ:
ನಮ್ಮದು ಎರಡೂ ಒಂದೇ ಪೆಟ್ಟಿಗೆ, 12 ವೋಲ್ಟ್ 1.5 ಆಂಪಿಯರ್. ಕೇಬಲಿನವರ ಹತ್ತಿರ ಬ್ಯಾಟರಿ ಉಂಟಂತೆ. ಯುಪಿಎಸ್ ತಂದು ಮೇನ್ ಆಫ್ ಮಾಡಿ ನೋಡಿದೆ, ಮೂರು ಗಂಟೆ ಬಂತು. 112 ಅಂತ ದೊಡ್ಡದಾಗಿ ಬರೆದು ಅಮ್ಮನ ಕ್ಯಾಲೆಂಡರಿನ ಪಕ್ಕ ಅಂಟಿಸಿ ಬಂದಿದ್ದೇನೆ.